ಹನಾಳ ಮೊದಲ ತುತ್ತು

ಲಂಡನ್ನಿಗೆ ಹೋಗಿ ಬಂದವಳು ಎಂದರೆ ನಂಜನಗೂಡಿನ ನಮ್ಮ ಬೀದಿಯವರಿಗೆಲ್ಲ ಒಂದೇ ಪ್ರಶ್ನೆ: ರಾಣಿಯ ಅರಮನೆ ನೋಡಿದೆಯಾ? ನೋಡಿದೆ, ಹೊರಗಿನಿಂದ. ನಮ್ಮ ಮೈಸೂರಿನ ಅರಮನೆಯ ಮುಂದೆ ಅದು ತಾಲ್ಲೂಕು ಕಚೇರಿ. ಇನ್ನು ಆ ದೊಡ್ಡ ಗಡಿಯಾರ, ನದಿ, ಸೇತುವೆ, ಎಲ್ಲವನ್ನೂ ಒಂದೇ ದಿನದಲ್ಲಿ ಬಸ್ಸಿನ ಮಹಡಿಯ ಮೇಲೆ ಕೂತು, ಮೂಗು ಸೋರಿಸಿಕೊಂಡು ನೋಡಿ ಮುಗಿಸಿದೆ. ಅವನ್ನು ಬರೆಯುವುದಕ್ಕೆ ಓದಿದವರು ಇದ್ದಾರೆ. ನಾನು ಓದಿದ್ದು ಏಳನೇ ತರಗತಿ. ಆಮೇಲೆ ಹೊಲಿಗೆ ಯಂತ್ರದ ಮುಂದೆ ಕೂತು ಊರವರ ರವಿಕೆ ಹೊಲಿದವಳು. ನಾನು ಬರೆಯಬೇಕಾಗಿರುವುದು ಹೇಸ್ ಎಂಬ ಕಡೆ ಒಂದು ಬಾಡಿಗೆ ಮನೆಯಲ್ಲಿ ಒಂದು ಶನಿವಾರ ಮಧ್ಯಾಹ್ನ ನಡೆದದ್ದನ್ನು. ನೆನೆದರೆ ಈಗಲೂ ಮೈ ಉರಿಯುತ್ತದೆ. ಯಾರ ಮೇಲೆ ಎಂದು ಮೊದಲೇ ಹೇಳಿಬಿಡುತ್ತೇನೆ: ಕೆಲವರ ಮೇಲೆ ಸ್ವಲ್ಪ ಸ್ವಲ್ಪ, ನನ್ನ ಮೇಲೆ ಬಹಳ.

ಹೀಥ್ರೂ

ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ನನ್ನ ತಮ್ಮ ಶ್ರೀಕಂಠ, ಮನೆಯಲ್ಲಿ ಕಂಠಿ, ಲಂಡನ್ನಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಅವನು ಮದುವೆಯಾದದ್ದು ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಜಪಾನಿನ ಹುಡುಗಿಯನ್ನು. ಟೊಮೊಕೊ ಎಂದು ಹೆಸರು. ನಮ್ಮ ತಂದೆ ತಾಯಿ ಕಂಠಿ ಹೈಸ್ಕೂಲು ಮುಗಿಸುವ ಮೊದಲೇ ಹೋಗಿಬಿಟ್ಟಿದ್ದರು. ಅವನ ಕಡೆಗೆ ಹಿರಿಯಳು ಎಂದರೆ ನಾನೊಬ್ಬಳೇ. ಹೆಣ್ಣು ಮಗು ಹುಟ್ಟಿದೆ ಎಂದು ಫೋನು ಬಂದ ದಿನವೇ ಬಾಣಂತನಕ್ಕೆಂದು ಗಂಟು ಕಟ್ಟಿದೆ. ವೀಸಾ ಕೊಡುವವರ ದಯೆಯಿಂದ ಬಾಣಂತನ ಮುಗಿದ ಮೇಲೆ ತಲುಪಿದೆ.

ವಿಮಾನ ನಿಲ್ದಾಣದಲ್ಲಿ ಸುಂಕದವನು ನನ್ನ ಚೀಲ ಬಿಚ್ಚಿಸಿದ. ಅಂಟಿನುಂಡೆ, ಶುಂಠಿ ಲೇಹ್ಯ, ಸಾಂಬ್ರಾಣಿ, ಹಳೇ ಪಂಚೆ ಹರಿದು ಮಾಡಿದ ಮಗುವಿನ ಬಟ್ಟೆ, ಬಜೆ ಬೇರು. ಬಜೆ ಬೇರನ್ನು ಎರಡೇ ಬೆರಳಲ್ಲಿ, ಸತ್ತ ಜಿರಲೆಯನ್ನು ಎತ್ತುವ ಹಾಗೆ ಎತ್ತಿ, "ವಾಟ್ ಈಸ್ ದಿಸ್?" ಎಂದ.

"ಬೇಬಿ," ಎಂದೆ.

ಅವನ ಮುಖ ನೋಡಬೇಕಿತ್ತು. ನಾನು ನಾಲಿಗೆ ಚಾಚಿ ಬೆರಳಿನಿಂದ ಉಜ್ಜಿ ತೋರಿಸಿದೆ. ಅವನು ಇನ್ನೊಬ್ಬನನ್ನು ಕರೆದ. ಆ ಇನ್ನೊಬ್ಬ ನಾಯಿಯನ್ನು ಕರೆತಂದ. ನಾಯಿ ಬಜೆಯನ್ನು ಮೂಸಿ, ಒಂದು ಸಲ ಸೀನಿ, ನನ್ನನ್ನು ಬಿಟ್ಟು ಮುಂದೆ ಹೋಯಿತು. ಆ ದೇಶದಲ್ಲಿ ನಾನು ಕಂಡ ಮೊದಲ ಬುದ್ಧಿವಂತ ಪ್ರಾಣಿ ಅದು.

ಹೇಸ್

ಹೇಸಿನಲ್ಲಿ ಮನೆಗಳು ಒಂದಕ್ಕೊಂದು ಭುಜ ಅಂಟಿಸಿಕೊಂಡು ಸಾಲಾಗಿ ನಿಂತಿವೆ, ನಮ್ಮ ವಠಾರದ ಹಾಗೆ. ಆದರೆ ವಠಾರದಲ್ಲಿ ಪಕ್ಕದ ಮನೆಯ ಒಗ್ಗರಣೆ ಯಾವುದೆಂದು ತಿಳಿಯುತ್ತದೆ. ಇಲ್ಲಿ ಪಕ್ಕದವರು ಬದುಕಿದ್ದಾರೋ ಇಲ್ಲವೋ ಎಂಬುದೇ ತಿಳಿಯದು. ತಲೆಯ ಮೇಲೆ ವಿಮಾನಗಳು ಎಷ್ಟು ತಗ್ಗಿನಲ್ಲಿ ಹಾರುತ್ತಿದ್ದವೆಂದರೆ ಒಣಹಾಕಿದ ಸೀರೆಯನ್ನು ಎತ್ತಿಕೊಂಡು ಹೋದಾವು ಎಂದು ನಾನು ಎರಡೆರಡು ಕ್ಲಿಪ್ಪು ಹಾಕುತ್ತಿದ್ದೆ.

ಟೊಮೊಕೊ ಬಾಗಿಲಲ್ಲಿ ಸೊಂಟ ಬಗ್ಗಿಸಿ ವಂದಿಸಿದಳು. ನಾನು ಕೈ ಮುಗಿದೆ. ಅವಳು ಮತ್ತೆ ಬಾಗಿದಳು. ನಾನು ಮತ್ತೆ ಮುಗಿದೆ.

"ಇಬ್ಬರೂ ಸಾಕು ಮಾಡಿ, ಮಗೂಗೆ ಥಂಡಿ," ಎಂದು ಕಂಠಿ ನನ್ನನ್ನು ಒಳಕ್ಕೆ ನೂಕಿದ.

"ವೆಲ್ಕಮ್, ಅಕ್ಕಾ-ಸಾನ್," ಎಂದಳು ಟೊಮೊಕೊ. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗಂತೆ. ಅಕ್ಕ ಎಂದು ಕರೆದವರು ಬಹಳ ಮಂದಿ. ಅಕ್ಕನವರು ಎಂದವಳು ಅವಳೊಬ್ಬಳೇ.

ಮಗುವಿನ ಹೆಸರು ಹನಾ. ಹಾಗೆಂದರೆ ಹೂವು. ಹುಟ್ಟಿದ ಏಳನೆಯ ದಿನ ಹೆಸರನ್ನು ಕುಂಚದಲ್ಲಿ ಬರೆದು ಗೋಡೆಗೆ ಅಂಟಿಸುವುದು ಅವರ ನಾಮಕರಣ. ಆ ಕಾಗದ ಇನ್ನೂ ಗೋಡೆಯ ಮೇಲಿತ್ತು. ಕೆಳಗೆ ಕಂಠಿಯೂ ಕನ್ನಡದಲ್ಲಿ ಬರೆದಿದ್ದ. ಡಾಕ್ಟರ ಅಕ್ಷರ, ಏನು ಬರೆದಿದೆ ಎಂದು ಅವನನ್ನೇ ಕೇಳಬೇಕಾಯಿತು.

ಮರುದಿನವೇ ನಾನು ಸ್ನಾನದ ಮನೆಯಲ್ಲಿ ಕಾಲು ಚಾಚಿ ಕೂತು ಹನಾಳಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ. ತಾಯಿ ಬೇಡವೆನ್ನುತ್ತಾಳೇನೋ ಎಂಬ ಅಳುಕು ಇತ್ತು. ಟೊಮೊಕೊ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದಳು. ಮೂರನೆಯ ದಿನ ತಾನೇ ಕಾಲು ಚಾಚಿ ಕೂತಳು. ಮನೆಗೆ ಬಂದು ಮಗುವನ್ನು ತೂಗುವ ನರ್ಸಮ್ಮ ಒಂದು ದಿನ ಇದನ್ನು ಕಂಡು ಹುಬ್ಬು ಗಂಟಿಕ್ಕಿದಳು. ಆಗ ಟೊಮೊಕೊ ಹೇಳಿದ ಇಂಗ್ಲಿಷು ನನಗೆ ಪೂರ್ತಿ ತಿಳಿಯಲಿಲ್ಲ, ದನಿ ಚೆನ್ನಾಗಿ ತಿಳಿಯಿತು. "ಅಕ್ಕಾ-ಸಾನ್ ನೋಸ್," ಅಕ್ಕನವರಿಗೆ ಗೊತ್ತು, ಎಂಬುದು ಅದರ ಕೊನೆ. ಅಷ್ಟು ಮೆತ್ತಗಿನ ಹುಡುಗಿ ನನಗಾಗಿ ಒಬ್ಬ ಸರ್ಕಾರಿ ನರ್ಸಿನ ಜೊತೆ ಜಗಳಕ್ಕೆ ನಿಂತಳು. ಇದನ್ನು ನೀವು ನೆನಪಿನಲ್ಲಿಡಬೇಕು, ಏಕೆಂದರೆ ನಾನು ಇಡಲಿಲ್ಲ.

ಒಂದು ಸಂಜೆ ಚಹಾ ಕುಡಿಯುವಾಗ ಕಂಠಿ ವಿಷಯ ತೆಗೆದ.

"ಅಕ್ಕ, ಮಗೂಗೆ ನೂರು ದಿನ ತುಂಬೋವಾಗ ಇವರಲ್ಲಿ ಮೊದಲ ಊಟದ ಶಾಸ್ತ್ರ. ಬರೋ ವಾರದಾಚೆ ಶನಿವಾರ ಮಾಡೋಣ ಅಂತ."

"ನೂರು ದಿನದ ಕೂಸಿಗೆ ಅನ್ನವೇನೋ? ನಮ್ಮಲ್ಲಿ ಆರು ತಿಂಗಳು."

"ತಿನ್ನಿಸಲ್ಲ. ಕಡ್ಡೀಲಿ ತುಟಿಗೆ ಮುಟ್ಟಿಸೋದು ಅಷ್ಟೆ. ಜೀವನ ಪೂರ್ತಿ ಊಟಕ್ಕೆ ಕಮ್ಮಿ ಆಗಬಾರದು ಅಂತ."

ಟೊಮೊಕೊ ಒಂದು ಪುಟ್ಟ ಗಂಟು ತಂದು ಬಿಚ್ಚಿದಳು. ಅವಳ ತಾಯಿ ಜಪಾನಿನಿಂದ ಕಳಿಸಿದ್ದು. ಆಕೆಗೆ ಸೊಂಟದ ಮೂಳೆ ಮುರಿದು ಬರಲಾಗಿರಲಿಲ್ಲ. ಒಳಗೆ ಬಿಳಿಯ ಮರದ ಊಟದ ಕಡ್ಡಿಗಳು, ಮತ್ತು ಒಂದು ಕಲ್ಲು. ನೆಲ್ಲಿಕಾಯಿ ಗಾತ್ರದ, ನುಣ್ಣನೆಯ, ಬೂದು ಬಣ್ಣದ ಕಲ್ಲು. ಅವರ ಊರಿನ ದೇವಸ್ಥಾನದ ಅಂಗಳದ್ದಂತೆ. ಕಡ್ಡಿಯ ತುದಿಯನ್ನು ಆ ಕಲ್ಲಿಗೆ ಮುಟ್ಟಿಸಿ ಮಗುವಿನ ಒಸಡಿಗೆ ಮುಟ್ಟಿಸಿದರೆ ಹಲ್ಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಕಲ್ಲನ್ನು ದೇವರಿಗೆ ವಾಪಸು ಕೊಡಬೇಕು. ಅದು ಎರವಲು.

ನನಗೆ ನಗು ಬಂತು. ನಮ್ಮಲ್ಲಿಯೂ ತೊಟ್ಟಿಲು ಶಾಸ್ತ್ರದಲ್ಲಿ ಮಗುವಿಗಿಂತ ಮೊದಲು ಮಲಗುವುದು ಗುಂಡುಕಲ್ಲು. ಅದಕ್ಕೆ ಕುಲಾವಿ ಹಾಕಿ, ಕಾಡಿಗೆ ಇಟ್ಟು, ಮಗು ಈ ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎನ್ನುತ್ತೇವೆ. ಕಂಠಿ ಇದನ್ನು ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ಟೊಮೊಕೊ ಚಪ್ಪಾಳೆ ತಟ್ಟಿದಳು. "ಸೇಮ್! ಅಕ್ಕಾ-ಸಾನ್, ಸ್ಟೋನ್, ಸೇಮ್!"

"ಸರಿ, ಮುಟ್ಟಿಸೋದು ಯಾರು?" ಎಂದೆ.

"ನೀನೇ," ಎಂದ ಕಂಠಿ. "ಹೆಣ್ಣು ಮಗು ಆದ್ರೆ ಮನೆ ಹೆಂಗಸರಲ್ಲಿ ಎಲ್ಲರಿಗಿಂತ ದೊಡ್ಡವರು ಮಾಡಬೇಕು. ಅವರ ಆಯಸ್ಸು ಮಗೂಗೂ ಬರಲಿ ಅಂತ. ಇವರಮ್ಮ ಬರೋದಿತ್ತು. ಈಗ ಅವರೇ ಫೋನಲ್ಲಿ ಹೇಳಿದಾರೆ, ಅಕ್ಕ ಇದಾರಲ್ಲ, ನನ್ನ ಜಾಗ ಅವರಿಗೆ ಕೊಟ್ಟಿದೀನಿ ಅಂತ."

ನಾನು ಲೋಟ ಕೆಳಗಿಟ್ಟೆ. "ನನ್ನ ವಿಷಯ ಅವರಿಗೆ ಗೊತ್ತೇನೋ?"

"ಏನು ವಿಷಯ?" ಎಂದ ಕಂಠಿ, ಮಗುವಿನ ಕಡೆ ನೋಡುತ್ತಾ. ಏನು ವಿಷಯವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ನನಗೆ ಇಪ್ಪತ್ತೊಂಬತ್ತು ವರ್ಷವಾಗಿದ್ದಾಗ ಗಂಡ ತೀರಿಕೊಂಡರು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ನೆಂಟರಲ್ಲಿ ಹುಟ್ಟಿದ ಒಂದೊಂದು ಮಗುವಿನ ಕುಲಾವಿಯನ್ನೂ ನಾನೇ ಹೊಲಿದಿದ್ದೇನೆ. ಜರಿ ಅಂಚು ಇಟ್ಟು, ಒಳಗೆ ಮಲ್ಲು ಬಟ್ಟೆ ಕೊಟ್ಟು, ಹೊಲಿಗೆ ಚುಚ್ಚದ ಹಾಗೆ. ಕುಲಾವಿ ಹೊಲಿಯುವುದಕ್ಕೆ ನನ್ನ ಕೈ ಆಗುತ್ತದೆ. ತೊಡಿಸುವುದಕ್ಕೆ ಆಗುವುದಿಲ್ಲ. ತೊಟ್ಟಿಲಿಗೆ ಕೈ ಹಾಕುವ ಹೊತ್ತಿಗೆ ಯಾರಾದರೂ ಒಬ್ಬರು, "ನಾಗರತ್ನಾ, ಒಳಗೆ ಹಾಲು ಉಕ್ಕುತ್ತೇನೋ ನೋಡೇ," ಎನ್ನುತ್ತಾರೆ. ನನ್ನ ಇಡೀ ಆಯಸ್ಸು ನಾನು ಉಕ್ಕದ ಹಾಲನ್ನು ನೋಡುತ್ತಾ ನಿಂತಿದ್ದೇನೆ.

ಈಗ ಯಾವುದೋ ಸಮುದ್ರದಾಚೆಯ ಮುದುಕಿ, ನನ್ನ ಮುಖವನ್ನೂ ಕಾಣದವಳು, ನಿನ್ನ ಆಯಸ್ಸು ನನ್ನ ಮೊಮ್ಮಗಳಿಗೆ ಬರಲಿ ಎನ್ನುತ್ತಿದ್ದಾಳೆ. ಅಂದಿನಿಂದ ಟೊಮೊಕೊ ನನಗೆ ಕಡ್ಡಿ ಹಿಡಿಯುವುದನ್ನು ಕಲಿಸಿದಳು. ಒಂದು ಬಟ್ಟಲಲ್ಲಿ ನೆನೆಸಿದ ಕಡಲೆಕಾಳು, ಇನ್ನೊಂದು ಬಟ್ಟಲು ಖಾಲಿ. ಮೊದಮೊದಲು ಕಾಳುಗಳು ಅಡುಗೆಮನೆ ತುಂಬ ಓಡಿದವು. ಸೂಜಿಗೆ ದಾರ ಪೋಣಿಸುವ ಕೈ, ಬೇಗ ಪಳಗಿತು. ಒಂದು ಬೆಳಿಗ್ಗೆ ಕಾಳಿನ ಬಟ್ಟಲು ಪೂರ್ತಿ ಖಾಲಿಯಾದಾಗ ನಾನು ಶಾಲೆಯ ಹುಡುಗಿಯ ಹಾಗೆ ಕೂಗಿ ಟೊಮೊಕೊಳನ್ನು ಕರೆದೆ.

ಅಕ್ಸ್‌ಬ್ರಿಡ್ಜ್

ಆ ಭಾನುವಾರ ಅಕ್ಸ್‌ಬ್ರಿಡ್ಜಿನಲ್ಲಿ ವಿಶಾಲಮ್ಮನವರ ಮನೆಗೆ ಊಟಕ್ಕೆ ಹೋದೆವು. ಆಕೆಯ ಗಂಡ ಕಂಠಿಯ ಆಸ್ಪತ್ರೆಯಲ್ಲಿ ಅವನಿಗಿಂತ ದೊಡ್ಡ ಡಾಕ್ಟರು. ಮೈಸೂರಿನ ಕಡೆಯವರೇ. ಟೊಮೊಕೊ ಮಗುವಿನ ಜೊತೆ ಮನೆಯಲ್ಲೇ ಉಳಿದಳು. ಬಿಸಿಬೇಳೆಬಾತು, ಬೂಂದಿ, ಹಪ್ಪಳ. ಅಮ್ಮಂದಿರು ಕನ್ನಡದಲ್ಲಿ ಬೈಯುತ್ತಿದ್ದರು, ಮಕ್ಕಳು ಇಂಗ್ಲಿಷಿನಲ್ಲಿ ತಿರುಗಿ ಹೇಳುತ್ತಿದ್ದವು. ಊಟವಾದ ಮೇಲೆ ಕುಂಕುಮದ ಬಟ್ಟಲು ಬಂತು. ನನ್ನ ಬಲಕ್ಕೆ ಕೂತವಳಿಗೆ ಕೊಟ್ಟರು, ಎಡಕ್ಕೆ ಕೂತವಳಿಗೆ ಕೊಟ್ಟರು. ನನ್ನ ಮುಂದೆ ಬಟ್ಟಲು ಎಷ್ಟು ಸಲೀಸಾಗಿ ತಿರುಗಿಕೊಂಡಿತೆಂದರೆ, ನೋಡುವವರಿಗೆ ಅಲ್ಲಿ ಒಬ್ಬಳು ಕೂತಿದ್ದಾಳೆಂದೇ ಗೊತ್ತಾಗಬಾರದು. ಅಷ್ಟು ಸಮುದ್ರ ದಾಟಿದ ಮೇಲೂ ಬಟ್ಟಲಿಗೆ ತಿರುವು ಮರೆತಿರಲಿಲ್ಲ.

ಕಂಠಿ ಶನಿವಾರದ ಶಾಸ್ತ್ರದ ಮಾತು ಎತ್ತಿ, ಗಂಡಸರ ಕಡೆಗೆ ಎದ್ದು ಹೋದ.

"ಅಯ್ಯೋ, ಅದೇನ್ರೀ ಮೂರು ತಿಂಗಳ ಮಗೂಗೆ ಅನ್ನ?" ಎಂದರು ವಿಶಾಲಮ್ಮ. "ಇಲ್ಲಿನ ಜಿಪಿ ಡಾಕ್ಟ್ರು ಕೇಳಿದ್ರೆ ಉಗೀತಾರೆ."

"ತಿನ್ನಿಸೋದಲ್ಲಮ್ಮ. ತುಟಿಗೆ ಸೋಕಿಸೋದು."

"ಅದೂ ಮೀನಂತೆ! ತಲೆ ಬಾಲ ಎಲ್ಲ ಇರೋ ಮೀನು! ನಿಮ್ಮ ತಮ್ಮ ಹೇಳ್ತಿದ್ರು. ಕಾಲ ಕೆಟ್ಟೋಯ್ತು ಬಿಡಿ. ಯಾರು ಸೋಕಿಸೋದು ಅದನ್ನ?"

"ನಾನೇ. ಮನೆಗೆ ದೊಡ್ಡವಳು ಅಂತ."

ವಿಶಾಲಮ್ಮ ನನ್ನ ಮೊಣಕೈ ಮೇಲೆ ಕೈಯಿಟ್ಟರು. "ನೀವಾ? ತಪ್ಪು ತಿಳ್ಕೋಬೇಡಿ ನಾಗರತ್ನಮ್ಮ, ನಂಗೆ ಇದರಲ್ಲೆಲ್ಲಾ ನಂಬಿಕೆ ಇಲ್ಲ. ಮೂವತ್ತು ವರ್ಷ ಆಯ್ತು ನಾವು ಇಲ್ಲಿಗೆ ಬಂದು. ಆದ್ರೆ ಚೊಚ್ಚಲ ಮಗು ನೋಡಿ. ನಾಳೆ ಒಂದು ಸಣ್ಣ ಜ್ವರ ಬಂದ್ರೂ ನಿಮ್ಮ ಮನಸ್ಸಿಗೇ ಚುಚ್ಚತ್ತೆ, ಅಯ್ಯೋ ನಾನು ಕೈ ಹಾಕಿದ್ದಕ್ಕೇ ಅಂತ. ನಿಮಗೋಸ್ಕರ ಹೇಳ್ತಿರೋದು."

ನಂಬಿಕೆ ಇಲ್ಲ ಎನ್ನುವವರ ನಂಬಿಕೆಯಷ್ಟು ಗಟ್ಟಿಯಾದದ್ದು ಲೋಕದಲ್ಲಿ ಇನ್ನೊಂದಿಲ್ಲ. ನಾನು ಆಗ ಎದ್ದು ನಿಂತು, ನನ್ನ ತಮ್ಮನನ್ನು ಸಾಕಿದ್ದು ಇದೇ ಕೈ ಕಣಮ್ಮ, ಅವನಿಗೆ ಮೊದಲ ಕೋಟು ಹೊಲಿದದ್ದು ಇದೇ ಕೈ, ಅವನು ಸತ್ತನೇ ಎಂದು ಕೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಹಾಗಾದ್ರೆ ನೀವೇ ಬನ್ನಿ," ಎಂದೆ. "ನೀವೇ ಬಂದು ಮಾಡಿಕೊಡಿ. ಮುತ್ತೈದೆ ಕೈಯಲ್ಲಿ ಆಗಲಿ."

ಯಾರೂ ನನ್ನ ಕತ್ತು ಹಿಸುಕಿರಲಿಲ್ಲ. ಯಾರೂ ನನ್ನನ್ನು ಹಾಲು ನೋಡಲು ಕಳಿಸಿರಲಿಲ್ಲ. ಈ ಸಲ ನಾನೇ ಎದ್ದು ಹೋದೆ.

ವಾಪಸು ಬರುವಾಗ ಕಾರಿನಲ್ಲಿ ಕಂಠಿ ಕೇಳಿದ. "ವಿಶಾಲಾ ಆಂಟಿ ಶನಿವಾರ ಬರ್ತೀನಿ ಅಂದ್ರು. ಯಾಕಕ್ಕ?"

"ಕರೆದೆ. ದೊಡ್ಡ ಮನುಷ್ಯರು."

ಅವನು ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದ. "ಟೊಮೊಕೊಗೆ ಯಾರು ಹೇಳೋದು?"

"ನೀನು ಹೇಳೋ. ನಿನ್ನ ಹೆಂಡತಿ."

"ನೀನು ಹೇಳಕ್ಕ. ನಿನ್ನ ನಿರ್ಧಾರ."

ಇಬ್ಬರೂ ಹೇಳಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಹೇಡಿಗಳು. ಮನೆಗೆ ಬಂದಾಗ ಟೊಮೊಕೊ ಮೇಜಿನ ಮೇಲೆ ಹೊಸದಾಗಿ ಕಡಲೆ ನೆನೆಹಾಕಿಟ್ಟಿದ್ದಳು.

ಮೀನಿನ ಅಂಗಡಿ

ಶನಿವಾರ ಬೆಳಿಗ್ಗೆ ಕಂಠಿ ಮೀನು ತರಲು ಲಂಡನ್ನಿನ ಇನ್ನೊಂದು ತುದಿಗೆ ಹೊರಟ. ಜಪಾನಿನವರೇ ನಡೆಸುವ ಅಂಗಡಿ. ನಾನೂ ಬರುತ್ತೇನೆ ಎಂದೆ. ಮನೆಯಲ್ಲಿ ಟೊಮೊಕೊಳ ಎದುರು ಕೂರುವ ಧೈರ್ಯವಿರಲಿಲ್ಲ. ಹುಟ್ಟಿದಾಗಿನಿಂದ ಮೀನು ತಿಂದವಳಲ್ಲ ನಾನು. ಆದರೂ ಕಡ್ಡಿಯಲ್ಲಿ ಮುಟ್ಟಿಸಿ ಆಮೇಲೆ ಸ್ನಾನ ಮಾಡಿದರಾಯಿತು ಎಂದು ಆ ವಾರವೆಲ್ಲ ಮನಸ್ಸನ್ನು ಒಪ್ಪಿಸಿಕೊಂಡಿದ್ದೆ. ನನ್ನನ್ನು ತಡೆದದ್ದು ಮೀನಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ.

ಅಂಗಡಿಯವನು ಮೊದಲು ಒಂದು ಕೆಂಪು ಮೀನನ್ನು ಕಾಗದದಲ್ಲಿ ಸುತ್ತಿದ. ಮಗುವಿನ ಮೊದಲ ಊಟಕ್ಕೆ ಎಂದು ಕಂಠಿ ಹೇಳಿದ್ದೇ ತಡ, ಸುತ್ತಿದ್ದನ್ನು ಬಿಚ್ಚಿ ಒಳಗಿಟ್ಟು, ಐಸಿನ ಕೆಳಗಿನಿಂದ ಇನ್ನೊಂದನ್ನು ತೆಗೆದ. ರೆಕ್ಕೆ, ಬಾಲ, ಒಂದು ಹುರುಪೆಯೂ ಹರಿದಿರಲಿಲ್ಲ. ನಮ್ಮಲ್ಲಿ ಪೂಜೆಗೆ ಎಂದರೆ ಜುಟ್ಟು ಮುರಿಯದ ತೆಂಗಿನಕಾಯಿ ಹುಡುಕಿ ಕೊಡುವುದಿಲ್ಲವೇ, ಹಾಗೆ. ಅಲ್ಲಿ ನಿಂತಿದ್ದ ಒಬ್ಬ ಮುದುಕಿ, ಬೆಳ್ಳನೆ ಕೂದಲು, ಬೆನ್ನು ಬಾಗಿದವಳು, ನನ್ನನ್ನು ನೋಡಿ ಕಂಠಿಯನ್ನು ಏನೋ ಕೇಳಿದಳು.

"ನೀನಾ ಊಟ ಮಾಡಿಸೋದು ಅಂತ ಕೇಳ್ತಿದಾರೆ," ಎಂದ.

ನಾನು ತಲೆ ತಗ್ಗಿಸಿದೆ. ಅವಳು ಅದನ್ನು ಹೌದೆಂದುಕೊಂಡಳು. ಇದ್ದ ಬೆನ್ನನ್ನು ಇನ್ನಷ್ಟು ಬಾಗಿಸಿ ನನಗೆ ವಂದಿಸಿದಳು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು ಹೊರಗೆ ಬಂದೆ. ಕಂಠಿ ವಾಸನೆಗೆ ಎಂದುಕೊಂಡಿರಬೇಕು.

ಮತ್ತೆ ಹೇಸ್

ಟೊಮೊಕೊ ಮೇಜನ್ನು ಸಿದ್ಧಮಾಡಿದ್ದಳು. ಹೊರಗೆ ಕಪ್ಪು, ಒಳಗೆ ಕೆಂಪು ಬಣ್ಣದ ಪುಟ್ಟ ಪುಟ್ಟ ಬಟ್ಟಲುಗಳು, ಗೊಂಬೆಗಳ ಊಟಕ್ಕೆ ಇಟ್ಟ ಹಾಗೆ. ಕೆಂಪು ಕಾಳು ಹಾಕಿದ ಅನ್ನ, ತಿಳಿಸಾರು, ಬೇಯಿಸಿದ ಕುಂಬಳಕಾಯಿ, ಮುಖವೆಲ್ಲ ಸುಕ್ಕಾಗುವ ತನಕ ಬದುಕಲಿ ಎಂದು ಸುಕ್ಕುಗಟ್ಟಿದ ಒಂದು ಹುಳಿ ಹಣ್ಣು. ಮಧ್ಯದಲ್ಲಿ ಉಪ್ಪು ಸವರಿ ಸುಟ್ಟ ಮೀನು, ಬಾಲ ಮೇಲಕ್ಕೆತ್ತಿ ಈಗಲೇ ನೆಗೆಯುವಂತೆ. ಒಂದು ಚಿಕ್ಕ ತಟ್ಟೆಯಲ್ಲಿ ಕಲ್ಲು. ಹನಾಳಿಗೆ ನಾನು ಹೊಲಿದ ಹಸಿರು ಅಂಗಿ.

ವಿಶಾಲಮ್ಮ ರೇಷ್ಮೆ ಸೀರೆಯುಟ್ಟು ಬಂದರು. ಒಂದು ಕೈಯಲ್ಲಿ ಬೆಳ್ಳಿ ಬಟ್ಟಲು, ಇನ್ನೊಂದರಲ್ಲಿ ಪಾಯಸದ ಡಬ್ಬಿ. ಟೊಮೊಕೊ ಅವರನ್ನು ನೆಂಟರೆಂದುಕೊಂಡು ಉಪಚರಿಸಿದಳು. ಮೇಜು ನೋಡಿದ ವಿಶಾಲಮ್ಮ, "ರಾಮರಾಮಾ, ಅದು ನನ್ನನ್ನೇ ನೋಡ್ತಿದೆಯಲ್ರೀ," ಎಂದು ಮುಖ ತಿರುಗಿಸಿದರು. "ಅದು ಎದುರಿಗಿದ್ರೆ ನಂಗೆ ಕೈಯೇ ಬರಲ್ಲ. ಒಂದು ನಿಮಿಷ ಆಚೆ ಇಡಿ ನಾಗರತ್ನಮ್ಮ."

ನಾನು ಇಟ್ಟೆ. ಕೇಳಿದವರು ಅವರು, ತಟ್ಟೆ ಎತ್ತಿದ ಕೈ ನನ್ನದು. ಹಿತ್ತಿಲ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಇಟ್ಟು ಬಂದೆ. ಟೊಮೊಕೊ ನೋಡುತ್ತಾ ನಿಂತಿದ್ದಳು; ಅದೂ ನಮ್ಮ ಕಡೆಯ ಶಾಸ್ತ್ರ ಎಂದುಕೊಂಡಳೋ ಏನೋ. ಆಮೇಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತು, ಬಿಳಿಯ ಕಡ್ಡಿಗಳನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ಚಾಚಿದಳು.

"ಅಕ್ಕಾ-ಸಾನ್. ಪ್ಲೀಸ್."

ಎಲ್ಲರೂ ನನ್ನನ್ನು ನೋಡಿದರು. ವಿಶಾಲಮ್ಮ ಕೆಮ್ಮಿದರು. ಕಂಠಿ ಕ್ಯಾಮೆರಾದಲ್ಲಿ ಏನೋ ಸರಿಮಾಡುತ್ತಿದ್ದ. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಯಾರಾದರೂ ನನ್ನ ಪರವಾಗಿ ಹೇಳಲಿ ಎಂದು ಕಾದೆ. ಯಾರೂ ಹೇಳದಾಗ ನನಗೆ ಬರುವ ಇಂಗ್ಲಿಷಿನಲ್ಲಿ ನಾನೇ ಹೇಳಿದೆ.

"ನೋ. ಮಿ, ಹಸ್ಬೆಂಡ್ ನೋ. ಬೇಬಿ ನಾಟ್ ಗುಡ್." ವಿಶಾಲಮ್ಮನವರನ್ನು ತೋರಿಸಿದೆ. "ಷಿ, ಹಸ್ಬೆಂಡ್ ಯೆಸ್. ಗುಡ್."

ಟೊಮೊಕೊ ಕಂಠಿಯ ಕಡೆ ನೋಡಿದಳು. ಅವನು ತಲೆ ಎತ್ತಲಿಲ್ಲ. ಅವಳ ಕೈ ಸ್ವಲ್ಪ ಹೊತ್ತು ಚಾಚಿದಂತೆಯೇ ಇತ್ತು. ಆಮೇಲೆ ಕಡ್ಡಿಗಳನ್ನು ಮೇಜಿನ ಮೇಲಿಟ್ಟಳು.

ವಿಶಾಲಮ್ಮ ಕಡ್ಡಿಗಳನ್ನು ಮುಟ್ಟಲೇ ಇಲ್ಲ. "ಇದೆಲ್ಲಾ ನಂಗೆ ಹಿಡಿಯೋಕೆ ಬರಲ್ಲಮ್ಮ," ಎಂದು ಬೆಳ್ಳಿ ಚಮಚದಲ್ಲಿ ಪಾಯಸ ತೆಗೆದು ಹನಾಳ ತುಟಿಗೆ ಸವರಿದರು. "ಕಲ್ಲು ಯಾಕೆ ಬಾಯಿಗೆ? ಇನ್ಫೆಕ್ಷನ್ ಆಗತ್ತೆ," ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆರತಿ ಎತ್ತಿ ಹಾಡು ಹೇಳಿದರು. ಚೆನ್ನಾಗಿಯೇ ಹಾಡುತ್ತಾರೆ. ಹಾಡಿನ ನಡುವೆ ಹಿತ್ತಿಲಲ್ಲಿ ತಟ್ಟೆ ಉರುಳಿದ ಸದ್ದಾಯಿತು. ಬಾಗಿಲು ತೆಗೆದರೆ, ಒಂದು ನರಿ! ಲಂಡನ್ನಿನಲ್ಲಿ ನರಿಗಳು ನಮ್ಮ ಬೀದಿ ನಾಯಿಗಳ ಹಾಗೆ ತಿರುಗುತ್ತವೆ ಎಂದು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಅದು ಮೀನನ್ನು ಅಡ್ಡಡ್ಡ ಕಚ್ಚಿಕೊಂಡು ನಮ್ಮನ್ನೊಮ್ಮೆ ನೋಡಿ ಬೇಲಿ ನುಸುಳಿತು. ಕಂಠಿ ಕಾಲುಚೀಲದಲ್ಲೇ ಒದ್ದೆ ಹುಲ್ಲಿನ ಮೇಲೆ ಓಡಿ, ಬೇಲಿಯ ತನಕ ಹೋಗಿ ನಿಂತ.

"ಹೋಗ್ಲಿ ಬಿಡಿ ಡಾಕ್ಟ್ರೇ, ಪೀಡೆ ಕಳೀತು," ಎಂದರು ವಿಶಾಲಮ್ಮ.

ಅವರು ಹೋದ ಮೇಲೆ ನಾನು ಕಂಠಿಯ ಮೇಲೆ ಹರಿಹಾಯ್ದೆ. ಗಂಡಸಾಗಿ ಬಾಯಿ ಬಿಡಬಾರದಿತ್ತೇನೋ, ನಿನ್ನ ಹೆಂಡತಿಯ ಶಾಸ್ತ್ರವನ್ನು ಹೊರಗಿನವರು ಬಂದು ಕೆಡಿಸಿಹೋದರು, ನೀನು ಕ್ಯಾಮೆರಾ ಒರೆಸುತ್ತಾ ಕೂತಿದ್ದೀಯಲ್ಲ ಎಂದೆ. ಅವನು ಒದ್ದೆ ಕಾಲುಚೀಲ ಕಳಚುತ್ತಾ ಮೆಲ್ಲಗೆ ಹೇಳಿದ: "ಕರೆದಿದ್ದು ನೀನು ಅಕ್ಕ."

ನಾನು ಪಾತ್ರೆ ತೊಳೆಯಲು ಅಡುಗೆಮನೆಗೆ ಹೋದೆ. ಟೊಮೊಕೊ ಆ ಪುಟ್ಟ ಬಟ್ಟಲುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ನನ್ನ ಕಡೆ ತಿರುಗಿ, ಕಂಠಿಯಿಂದ ಕಲಿತ ನಾಲ್ಕಾರು ಕನ್ನಡ ಪದಗಳನ್ನು ಹುಡುಕಿ ಹುಡುಕಿ ಜೋಡಿಸಿದಳು.

"ಅಕ್ಕಾ-ಸಾನ್. ನನ್ನ ಅಪ್ಪ ಇಲ್ಲ. ನಾನು ಚಿಕ್ಕ, ಅಪ್ಪ ಇಲ್ಲ. ನನ್ನ ಅಮ್ಮ..." ಪದ ಸಿಗಲಿಲ್ಲ. "ನನ್ನ ಅಮ್ಮ ಬಂದರೆ, ಅಮ್ಮ ಕೂಡ ಬೇಡ?"

ಅವಳ ತಂದೆ ಏನು ಮಾಡುತ್ತಾರೆ, ಇದ್ದಾರೆಯೇ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಅವಳ ಮಗುವಿಗೆ ಎಣ್ಣೆ ಹಚ್ಚಿದ್ದೆ, ಅವಳು ಕಲಿಸಿದ್ದನ್ನು ಕಲಿತಿದ್ದೆ, ಅಷ್ಟು ಕೇಳಿರಲಿಲ್ಲ. ನಲ್ಲಿಯ ನೀರು ಸುರಿಯುತ್ತಿತ್ತು. ನಾನು ನೀರು ನಿಲ್ಲಿಸಿದೆ.

ಭಾನುವಾರ

ಮರುದಿನ ಬೆಳಿಗ್ಗೆ ಫೋನು ಬಂತು. ಜಪಾನಿನಲ್ಲಿ ಆಗ ಸಂಜೆ. ಟೊಮೊಕೊ ಫೋನು ಕಿವಿಗಿಟ್ಟುಕೊಂಡು, ಕಾಣದ ತಾಯಿಗೆ ತಲೆ ಬಾಗಿಸುತ್ತಾ ನಗುನಗುತ್ತಾ ಮಾತಾಡಿದಳು. ನಡುನಡುವೆ ಹನಾ ಎಂಬುದು, ಅಕ್ಕಾ-ಸಾನ್ ಎಂಬುದು ನನಗೆ ತಿಳಿಯುತ್ತಿತ್ತು. ನನ್ನನ್ನು ದೂರುತ್ತಿದ್ದಾಳೆ ಎಂದುಕೊಂಡೆ. ದೂರಲಿ ಎಂದೂ ಅಂದುಕೊಂಡೆ. ಅವಳು ಫೋನಿನ ಸ್ಪೀಕರ್ ಒತ್ತಿ ನನ್ನ ಮುಂದಿಟ್ಟಳು. ಒಳಗಿನಿಂದ ಒಂದು ಸಣ್ಣ, ಒಣಗಿದ, ಬಹಳ ಖುಷಿಯಾದ ದನಿ ಬಂತು. ಟೊಮೊಕೊ ಅದನ್ನು ಇಂಗ್ಲಿಷು ಮಾಡಿದಳು, ಕಂಠಿ ಕನ್ನಡ ಮಾಡಿದ.

"ನೀನು ಮಗೂಗೆ ಊಟ ಮಾಡಿಸಿದ್ದಕ್ಕೆ ಥ್ಯಾಂಕ್ಸ್ ಹೇಳ್ತಿದಾರೆ ಅಕ್ಕ." ಕಂಠಿ ನೆಲ ನೋಡುತ್ತಿದ್ದ. "ನಮ್ಮ ಬೀದೀಲಿ ಯಾವ ಮಗು ಹುಟ್ಟಿದ್ರೂ ನನ್ನನ್ನೇ ಕರೀತಾರೆ, ಎಲ್ಲರಿಗಿಂತ ದೊಡ್ಡವಳು ಅಂತ. ನನ್ನ ಮೊಮ್ಮಗಳಿಗೆ ಮಾತ್ರ ನನ್ನ ಕೈ ಅಷ್ಟು ದೂರ ಬರಲಿಲ್ಲ. ನಿಮ್ಮ ಕೈ ಇತ್ತಲ್ಲ, ಸಾಕು, ಅಂತಾರೆ."

ಅಂದರೆ ಟೊಮೊಕೊ ತನ್ನ ತಾಯಿಗೆ, ಅಕ್ಕನೇ ಮಾಡಿದಳು, ಎಲ್ಲ ಚೆನ್ನಾಗಿ ಆಯಿತು ಎಂದು ಹೇಳಿದ್ದಳು. ನನ್ನ ಮಾನ ಉಳಿಸಲೋ, ತಾಯಿಯ ಮನಸ್ಸು ಉಳಿಸಲೋ, ನನಗೆ ಇವತ್ತಿಗೂ ತಿಳಿಯದು.

ಮುದುಕಿ ಇನ್ನೇನೋ ಕೇಳಿದಳು.

"ಕಲ್ಲು ಮುಟ್ಟಿಸಿದಿರಾ ಅಂತ," ಎಂದ ಕಂಠಿ. "ಒಸಡಿಗೆ ಸರಿಯಾಗಿ ತಾಗಿತಾ ಅಂತ. ಏನ್ ಹೇಳ್ಲಿ?"

ಟೊಮೊಕೊ ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಅವಳ ಕೈ ನಿಂತಿತು. ನನ್ನ ಕಡೆ ನೋಡಲಿಲ್ಲ, ಆದರೆ ಕಾದಳು. ಕಲ್ಲು ಅಲ್ಲೇ ಮೇಜಿನ ಮೇಲಿತ್ತು. ಕಡ್ಡಿಗಳೂ ಇದ್ದವು. ಹನಾ ಕಂಠಿಯ ತೊಡೆಯ ಮೇಲೆ, ಬಾಯಿ ತೆರೆದುಕೊಂಡು, ಒಸಡು ಕಾಣುವ ಹಾಗೆ ನನ್ನನ್ನೇ ನೋಡಿ ನಗುತ್ತಿತ್ತು. ಇಲ್ಲಮ್ಮ, ನಿನ್ನೆ ನನಗೆ ಬುದ್ಧಿ ಇರಲಿಲ್ಲ, ಈಗ ಮುಟ್ಟಿಸುತ್ತೇನೆ ತಾಳಿ ಎಂದಿದ್ದರೆ ಆಗುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಎಲ್ಲವೂ ಇತ್ತು. ವಿಶಾಲಮ್ಮ ಅಲ್ಲಿ ಇರಲಿಲ್ಲ. ನಂಜನಗೂಡಿನ ನೆಂಟರು ಇರಲಿಲ್ಲ. ಹಾಲು ನೋಡು ಎನ್ನುವವರು ಒಬ್ಬರೂ ಇರಲಿಲ್ಲ.

"ಮುಟ್ಟಿಸಿದೆ ಅಂತ ಹೇಳು," ಎಂದೆ.

ಕಂಠಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಟೊಮೊಕೊ ಜಪಾನಿನ ಮಾತಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ಸಿಟ್ಟು ಇದೆಯೇ ಎಂದು ಕಿವಿಗೊಟ್ಟೆ. ಇರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ.

ಆ ಕಡೆಯಿಂದ ಮುದುಕಿ ಬಹಳ ಹೊತ್ತು ಮಾತಾಡಿದಳು. ಟೊಮೊಕೊ "ಹಾಯ್, ಹಾಯ್" ಎಂದು ಅವರ ಮಾತಿನಲ್ಲಿ ಹೌದು ಹೌದು ಎನ್ನುತ್ತಾ ಕೇಳಿ ಫೋನು ಇಟ್ಟಳು. ಆಮೇಲೆ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ, ಅಂಚೆಗೆ ಹಾಕುವ ಡಬ್ಬಿಯೊಳಗಿಟ್ಟಳು, ದೇವರಿಗೆ ವಾಪಸು ಕಳಿಸಲು. ತಾಯಿ ಕೊನೆಗೆ ಏನು ಹೇಳಿದಳೆಂದು ಅವಳು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.